ಬಾಗಿಲಿಗೆ ಬೇವು

17 ಜನವರಿ 2025, ಶುಕ್ರವಾರ

ಖಾನಾವಳಿಯಿಂದ ಸೆಂಟ್ರಿಂಗ್ ಕೆಲಸದವರ ಊಟದ ಡಬ್ಬಿ ಕಳಿಸುವಷ್ಟರಲ್ಲಿ ಎಂಟು ಗಂಟೆ. ಕಡೇ ನಾಲ್ಕು ರೊಟ್ಟಿ ಅವಸರದಲ್ಲಿ ಹೊತ್ತಿದವು. ಅವನ್ನು ನಾವೇ ತಿಂದೆವು. ಹೊತ್ತಿದ ರೊಟ್ಟಿ ನನ್ನ ಕೈಯಿಂದ ಹೊರಗೆ ಹೋಗುವುದಿಲ್ಲ.

ಸೊಸೆ ಜಯಶ್ರೀ ಕೂಸನ್ನು ಕಟ್ಟಿಕೊಂಡು ತಯಾರಿದ್ದಳು. ನಾನೂ ಹೋದೆ. ದೊಡ್ಡ ದವಾಖಾನೆಯಲ್ಲಿ ನಮ್ಮ ಓಣಿಯವರು ಯಾರಾದರೂ ಎದುರಾದರೆ ಏನು ಹೇಳಬೇಕೆಂದು ಅವಳಿಗೆ ತಿಳಿಯುವುದಿಲ್ಲ. ನನಗೆ ತಿಳಿಯುತ್ತದೆ.

ಮುತ್ತುವಿಗೆ ಒಂಬತ್ತು ತಿಂಗಳು ತುಂಬಿತು. ದಡಾರದ ಸೂಜಿ ಹಾಕಿದರು. ಅತ್ತ, ಆಮೇಲೆ ನನ್ನ ಕನ್ನಡಕ ಹಿಡಿದೆಳೆದು ಸುಮ್ಮನಾದ. ಈ ಗೋವಾದಲ್ಲೂ ಕೌನ್ಸೆಲಿಂಗ್ ಸಿಸ್ಟರ್ ಬೆಳಗಾವಿ ಕಡೆಯವಳು, ಕನ್ನಡ ಬರುತ್ತದೆ. ಕೋಣೆಯ ಬಾಗಿಲು ತೆರೆದಿಟ್ಟು ಎಚ್ಐವಿ, ಎಚ್ಐವಿ ಅನ್ನುತ್ತಿದ್ದಳು. ಬಾಗಿಲು ಹಾಕಿ ಮಾತಾಡು ತಂಗಿ ಅಂದೆ. ಹಾಕಿದಳು.

ಜಯಶ್ರೀಗೂ ಇದೆ, ನನ್ನ ಮಗ ಯಮನೂರನಿಗೂ ಇದೆ. ಯಾರಿಂದ ಯಾರಿಗೆ ಎಂದು ಮನೆಯಲ್ಲಿ ಕೇಳಕೂಡದು. ಕಟ್ಟಳೆ ನನ್ನದೇ. ಇಬ್ಬರೂ ಗುಳಿಗೆ ತಪ್ಪಿಸುವುದಿಲ್ಲ. ಗುಳಿಗೆ ಡಬ್ಬಿ ಯಲ್ಲಮ್ಮನ ಫೋಟೋದ ಹಿಂದೆ ಇರುತ್ತದೆ, ಅಲ್ಲಿ ಯಾರೂ ಕೈ ಹಾಕುವುದಿಲ್ಲ. ಮುತ್ತುವಿನ ರಕ್ತ ಎರಡು ಸಲ ನೋಡಿದ್ದಾರೆ, ಇಲ್ಲ ಅಂದಿದ್ದಾರೆ. ಕಡೇ ಪರೀಕ್ಷೆ ಒಂದೂವರೆ ವರ್ಷಕ್ಕೆ.

20 ಫೆಬ್ರವರಿ

ಮತ್ತೆ ದವಾಖಾನೆ. ಸೂಜಿ ಹಿಡಿಯಿತೋ ಇಲ್ಲವೋ ನೋಡಲು ಕೂಸಿನ ರಕ್ತ ತೆಗೆದರು. ಇಂಥ ತಾಯಂದಿರ ಮಕ್ಕಳ ಮೇಲೆ ಸ್ಟಡಿ ನಡೆಸಿದ್ದಾರಂತೆ. ಜಯಶ್ರೀ ಒಪ್ಪಿ ಸಹಿ ಹಾಕಿದ್ದಾಳೆ. ನನ್ನನ್ನು ಕೇಳಿರಲಿಲ್ಲ.

ಹಾಕುವವರೂ ಇವರೇ, ಹಿಡಿಯಿತೋ ಇಲ್ಲವೋ ಅನ್ನುವವರೂ ಇವರೇ. ಸಿಸ್ಟರ್‌ಗೆ ಹಾಗೇ ಅಂದೆ. ನಕ್ಕಳು. ಇಂಥ ಮಕ್ಕಳಿಗೆ ಹೊಟ್ಟೆಯಲ್ಲಿರುವಾಗ ತಾಯಿಯಿಂದ ಬರುವ ಶಕ್ತಿ ಕಡಿಮೆಯಂತೆ. ಅವರಿಗೆ ರೋಗವಿಲ್ಲದಿದ್ದರೂ ನೆಗಡಿ ಬೇಗ ನಿಮೋನಿಯಾ ಆಗುತ್ತದೆ. ಡಿಸೆಂಬರಿನಲ್ಲಿ ಮುತ್ತು ಆರು ದಿನ ಆಕ್ಸಿಜನ್ ಮೇಲಿದ್ದನಲ್ಲ, ಅದೂ ಅಂಥದೇ ಒಂದು ವೈರಸ್. ಜ್ವರ, ಗುಳ್ಳೆ ಇದ್ದವರಿಂದ ದೂರ ಇಡಿರಿ ಅಂದಳು.

ಸೂಜಿ ಆಗಿದೆ. ಇನ್ನೇನು.

3 ಮಾರ್ಚ್, ಸೋಮವಾರ

ಓಣಿಗೆ ಅಮ್ಮ ಬಂದಿದ್ದಾಳೆ. ದವಾಖಾನೆಯವರು ದಡಾರ ಅನ್ನುವುದು ಇವಳನ್ನೇ.

ಮಧ್ಯಾಹ್ನ ಎದುರಿನ ಖೋಲಿಯ ಹುಲಿಗೆಮ್ಮ ಸಣ್ಣ ಮಗಳನ್ನು ಎತ್ತಿಕೊಂಡು ಬಂದಳು. ಹುಡುಗಿಯ ಕಣ್ಣು ಕೆಂಪು, ಮೂಗು ಸೋರುತ್ತಿದೆ, ಕಿವಿಯ ಹಿಂದೆ ಗಂಧೆ ಎದ್ದಿವೆ. ಅಮ್ಮ ಹೌದೋ ಅಲ್ಲವೋ ಎಂದು ಈ ಓಣಿಯಲ್ಲಿ ನಾನೇ ಹೇಳಬೇಕು. ಕಡೆಗೆ ಬೇವಿನ ನೀರು ಹಾಕಿ ಕಳಿಸುವವಳೂ ನಾನೇ. ಹೊಸ್ತಿಲಿಗೆ ಬಂದ ಅಮ್ಮನನ್ನು ಹೊರಗೆ ನಿಲ್ಲಿಸುವುದುಂಟೇ. ಒಳಗೆ ಕರೆದೆ, ಹುಡುಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ನೋಡಿದೆ. ಹೌದು ಅಂದೆ. ಒಗ್ಗರಣೆ ಬೇಡ, ಬಾಗಿಲಿಗೆ ಬೇವು ಕಟ್ಟು, ಹೊರಗಿನವರನ್ನು ಒಳಗೆ ಬಿಡಬೇಡ ಅಂದೆ. ಎಲ್ಲ ಹೇಳುವಷ್ಟರಲ್ಲಿ ಅರ್ಧ ಗಂಟೆಯಾದರೂ ಆಗಿರಬೇಕು.

ಮುತ್ತು ಅದೇ ಖೋಲಿಯಲ್ಲಿ ಜೋಳಿಗೆಯಲ್ಲಿ ಮಲಗಿದ್ದ. ಜಯಶ್ರೀ ನಳದಿಂದ ಬಂದವಳು ನೋಡಿದಳು, ಕೊಡ ಇಳಿಸಿ ಕೂಸನ್ನು ಎತ್ತಿಕೊಂಡು ಹೊರಗೆ ಹೋದಳು. ಬಂದವರ ಮುಂದೆ ನನಗೆ ಅವಮಾನ. ಅವರು ಹೋದ ಮೇಲೆ ಬೈದೆ. ತಲೆ ಬಗ್ಗಿಸಿದಳು, ಆದರೆ ಮಾತು ಬಿಡಲಿಲ್ಲ.

"ಸಿಸ್ಟರ್ ದೂರ ಇಡ್ರಿ ಅಂದಿದ್ರಲ್ರಿ ಅತ್ತಿ."

"ಸೂಜಿ ಹಾಕ್ಸೇವಲ್ಲ."

"ಹಿಡದೈತೋ ಇಲ್ಲೋ ಇನ್ನೂ ಗೊತ್ತಿಲ್ರಿ."

5 ಮಾರ್ಚ್, ಬುಧವಾರ

ಹಿಡಿದಿಲ್ಲ.

ಬೆಳಿಗ್ಗೆ ಸಿಸ್ಟರ್ ಫೋನ್. ರಿಪೋರ್ಟಿನಲ್ಲಿ ಶಕ್ತಿ ಸಾಲದಷ್ಟು ಬಂದಿದೆ, ಇನ್ನೊಮ್ಮೆ ಹಾಕಬೇಕು, ಬರುವ ವಾರ ಬರ್ರಿ ಅಂದಳಂತೆ. ಜಯಶ್ರೀ ಸೋಮವಾರದ ಸಂಗತಿ ಹೇಳಿಬಿಟ್ಟಳು. ಬರುವ ವಾರ ಅಲ್ಲ, ಈಗಲೇ ಬರ್ರಿ ಅಂದರು.

ಆಟೋ ಹಿಡಿದು ಹೋದೆವು.

ಡಾಕ್ಟರಮ್ಮ ಗೋವಾದವಳು. ಹಿಂದಿಯಲ್ಲಿ ಕೇಳಿದಳು, ಆ ಹುಡುಗಿಯನ್ನು ಒಳಗೆ ಕರೆದದ್ದು ಯಾರು. ನಾನು ಅಂದೆ. ಬೈಯಲಿಲ್ಲ. ದಡಾರ ಮುಟ್ಟಿದರೇ ಬರಬೇಕೆಂದಿಲ್ಲ, ರೋಗಿ ಎದ್ದು ಹೋದ ಮೇಲೂ ಖೋಲಿಯ ಗಾಳಿಯಲ್ಲಿ ಎರಡು ತಾಸು ಇರುತ್ತದೆ ಅಂದಳು. ಮೂರು ದಿನದೊಳಗೆ ಬಂದದ್ದು ಒಳ್ಳೆಯದಾಯಿತು, ಈಗ ಸೂಜಿ ಹಾಕಿದರೆ ತಡೆಯಬಹುದು. ತಡೆದೇ ತಡೆಯುತ್ತದೆ ಅನ್ನಲಿಲ್ಲ. ಹಾಕಿದರು. ಮೂರು ವಾರ ಕೂಸು ಹೊರಗೆ ಹೋಗಬಾರದು, ಹೊರಗಿನ ಮಕ್ಕಳು ಒಳಗೆ ಬರಬಾರದು.

ನಮ್ಮದು ಒಂದೇ ಖೋಲಿ. ದಿನಕ್ಕೆ ಹತ್ತು ಜನ ರೊಟ್ಟಿಗೆ ಬರುತ್ತಾರೆ, ಅವರ ಹಿಂದೆ ಮಕ್ಕಳು. ಬರಬೇಡಿ ಅಂದರೆ ಯಾಕೆ ಅನ್ನುತ್ತಾರೆ. ಅದಕ್ಕೆ ಉತ್ತರ ಒಂದೇ, ಅದನ್ನು ಹೇಳುವಂತಿಲ್ಲ.

ಸಂಜೆ ನಾನೇ ಹೋಗಿ ಗುಡ್ಡದ ಬದಿಯಿಂದ ಬೇವು ಮುರಿದು ತಂದೆ. ನಮ್ಮ ಬಾಗಿಲಿಗೆ ಕಟ್ಟಿದೆ.

ಜಯಶ್ರೀ ಹೆದರಿದಳು. "ಅತ್ತಿ, ಬರದ ಅಮ್ಮನ್ನ ಬಂದಾಳ ಅಂದ್ರ..."

"ಅಕೀನ್ನ ನಾ ನೋಡ್ಕೋತೇನಿ. ನೀ ಕೂಸು ನೋಡು."

8 ಮಾರ್ಚ್

ಖಾನಾವಳಿ ಬಂದ್. ಡಬ್ಬಿಯವರು ಎದುರಿನ ಸಾಲಿನ ಮಂಗಿಬಾಯಿಯ ಕಡೆ ಹೋದರು. ಅವಳ ರೊಟ್ಟಿ ಅಂಚಿನಲ್ಲಿ ದಪ್ಪ.

ಬೇವು ನೋಡಿ ಯಾರೂ ಹೊಸ್ತಿಲು ತುಳಿಯುವುದಿಲ್ಲ. ಮೊಸರನ್ನದ ತಾಟು ಕಟ್ಟೆಯ ಮೇಲಿಟ್ಟು, ಕೈ ಮುಗಿದು ಹೋಗುತ್ತಾರೆ. ಮುತ್ತು ಬಾಗಿಲ ಸಂದಿಯಿಂದ ಅವರನ್ನು ನೋಡಿ ಕೇಕೆ ಹಾಕುತ್ತಾನೆ. ಅವನ ಬಾಯಿ ಮುಚ್ಚುವುದೇ ಜಯಶ್ರೀಗೆ ಕೆಲಸ.

ಒಗ್ಗರಣೆಯ ವಾಸನೆ ಓಣಿಗೆ ಹೋಗಬಾರದು. ಯಮನೂರ ಸಪ್ಪನ್ನ ಬೇಳೆ ಉಂಡು, ನನಗ ಅಮ್ಮ ಬಂದಂಗಾತು ಅಂದ. ನಗು ಬಂತು. ತೋರಿಸಲಿಲ್ಲ.

11 ಮಾರ್ಚ್, ಮಂಗಳವಾರ

ಹುಲಿಗೆಮ್ಮನ ಮಗಳಿಗೆ ಇಂದು ನೀರು ಹಾಕಿದರು. ಬೇವು ಕಟ್ಟಿದ ಮನೆಯವರು ಇನ್ನೊಂದು ಮನೆಗೆ ಹೋಗುವಂತಿಲ್ಲ. ಮಂಗಿಬಾಯಿ ಹಾಕಿದಳು. ಈ ಓಣಿಗೆ ಬಂದಾಗಿನಿಂದ ನನ್ನ ಕೈಯಿಲ್ಲದೆ ಅಮ್ಮ ಹೋದದ್ದು ಇದೇ ಮೊದಲು. ಕಿಟಕಿಯಿಂದ ನೋಡಿದೆ. ನೀರನ್ನು ಎಡಗೈಯಿಂದ ಸುರಿದಳು.

13 ಮಾರ್ಚ್

ಮುತ್ತುವಿಗೆ ಜ್ವರ.

ಸಿಸ್ಟರ್‌ಗೆ ಫೋನ್ ಮಾಡಿದೆವು. ಸೂಜಿಯ ಜ್ವರವೂ ಇರಬಹುದು, ದಡಾರವೂ ಇರಬಹುದು. ಕಣ್ಣು ನೋಡಿರಿ, ಕಿವಿಯ ಹಿಂದೆ ನೋಡಿರಿ, ಉಸಿರು ಜೋರಾದರೆ ಕೂಡಲೇ ಕರೆತನ್ನಿರಿ.

ನೋಡುತ್ತಿದ್ದೇವೆ.

14 ಮಾರ್ಚ್

ಜ್ವರ ಇದೆ. ಹೊರಗೆ ಹೋಳಿಯ ಹಲಗಿ ಬಡಿತ. ಮೊಲೆ ಕಚ್ಚುತ್ತಿಲ್ಲ. ಬಂದಿಲ್ಲದವಳನ್ನು ಬಂದಳು ಅಂದೆ. ಸಿಟ್ಟಿದ್ದರೆ ನನ್ನ ಮೇಲೆ ಇರಲಿ ಎಂದು ಯಲ್ಲಮ್ಮನ ಫೋಟೋದ ಮುಂದೆ ನಿಂತು ಹೇಳಿದೆ. ಕೇಳಿಕೊಳ್ಳಲಿಲ್ಲ, ಹೇಳಿದೆ.

16 ಮಾರ್ಚ್

ಇಳಿಯಿತು. ಗಂಧೆ ಇಲ್ಲ. ಹಾಲು ಕುಡಿದ, ಕನ್ನಡಕ ಎಳೆದ.

28 ಮಾರ್ಚ್, ಶುಕ್ರವಾರ

ಮೂರು ವಾರ ಕಳೆದವು. ಪಾರಾದ ಅಂದರು ಡಾಕ್ಟರಮ್ಮ.

ಬೇವು ಕಟ್ಟಿದ ಮೇಲೆ ಅಮ್ಮನನ್ನು ಕಳಿಸಬೇಕು. ಕಳಿಸದೆ ಬಿಚ್ಚಿದರೆ ಓಣಿ ಕೇಳುತ್ತದೆ. ಇಂದು ನೀರು ಹಾಕಿದೆ. ಹೆಂಗಸರು ಬಂದರು, ಹುಲಿಗೆಮ್ಮನೂ ಬಂದಳು. ಮುತ್ತುವಿಗೆ ಬೇವಿನ ನೀರೆಂದರೆ ಆಟ, ಬೋಗುಣಿಯಲ್ಲಿ ಕೈ ಬಡಿದು ಎಲ್ಲರನ್ನೂ ತೋಯಿಸಿದ. ಮೈಮೇಲೆ ಒಂದು ಕಲೆ ಇಲ್ಲ. ಹುಲಿಗೆಮ್ಮ ಅವನ ಬೆನ್ನು ನೋಡಿದಳು, ಕಿವಿಯ ಹಿಂದೆ ನೋಡಿದಳು. ತನ್ನ ಮಗಳ ಚರ್ಮ ಹೇಗೆ ಕಪ್ಪಾಗಿ ಸುಲಿಯಿತೆಂದು ಅವಳಿಗೆ ಗೊತ್ತು.

ಎಲ್ಲರೂ ಹೋಗುವವರೆಗೆ ನಿಂತಳು.

"ನಿಮ್ಮನ್ಯಾಗ ಅಮ್ಮ ಬಂದೇ ಇಲ್ರಿ. ನನ್ನ ಮಗಳು ಬರಬಾರದಂತ ಬೇವು ಕಟ್ಟೀರಿ. ಖರೇ ಹೌದಲ್ಲೋ?"

ಜಯಶ್ರೀ ಒಲೆಯ ಹತ್ತಿರ ಇದ್ದಳು. ಅವಳ ಕೈ ನಿಂತದ್ದು ಕಂಡಿತು.

"ಹೌದು," ಅಂದೆ.

"ಯಾಕ್ರಿ? ನಾವೇನು ಕೀಳೇನು?"

ಅದಕ್ಕೆ ಉತ್ತರ ನನ್ನದಲ್ಲ, ಜಯಶ್ರೀಯದು. ತಪ್ಪು ನನ್ನದು ಅಂತ ಮಾತ್ರ ಅಂದೆ. ಯಾರಿಗೂ ಹಾಗೆ ಅಂದವಳಲ್ಲ ನಾನು.

"ಆತು. ಬರ್ತೇನಿ ಫಕೀರವ್ವ," ಅಂದಳು. ಯಾವತ್ತೂ ಅಕ್ಕಾರ ಅನ್ನದೆ ಮಾತೇ ತೆಗೆಯದವಳು ನನ್ನ ಹೆಸರು ಹಿಡಿದಳು.

30 ಮಾರ್ಚ್, ಯುಗಾದಿ

ಬೇವು-ಬೆಲ್ಲ ಕೊಟ್ಟು ಬರಲು ಜಯಶ್ರೀಯನ್ನು ಕಳಿಸಿದೆ. ಹುಲಿಗೆಮ್ಮನ ಬಾಗಿಲಲ್ಲಿ ತಗೊಂಡರು, ಮರಳಿ ಕೊಡಲಿಲ್ಲ. ನಳಕ್ಕೆ ನಾನು ಹೋದರೆ ಮಾತು ನಿಲ್ಲುತ್ತದೆ. ಫಕೀರವ್ವ ದೇವಿಯ ಹೆಸರಿನಲ್ಲಿ ಸುಳ್ಳಾಡಿದಳಂತೆ. ಡಬ್ಬಿಯವರು ಅರ್ಧಕ್ಕರ್ಧ ಮಂಗಿಬಾಯಿಯ ಕಡೆಯಿಂದ ಮರಳಿ ಬಂದಿಲ್ಲ.

ಜಯಶ್ರೀ ಅಂದಳು, "ಅತ್ತಿ, ನಾ ಹೇಳಿಬಿಡ್ತೇನಿ ಅಕೀಗೆ."

ಬೇಡ ಅಂದೆ. ನನ್ನ ಮಾನಕ್ಕಾಗಿ ಅವಳು ತನ್ನದನ್ನು ಒತ್ತೆ ಇಡಬೇಕಾಗಿಲ್ಲ.

24 ಏಪ್ರಿಲ್, ಗುರುವಾರ, ಸಂಜೆ

ಎರಡನೇ ಸೂಜಿಯ ಮೇಲೆ ಮತ್ತೆ ರಕ್ತ ತೆಗೆದಿದ್ದರು, ಅದರ ರಿಪೋರ್ಟ್ ಬಂತು. ಈ ಸಲ ಹಿಡಿದಿದೆ. ಚಲೋ ಹಿಡಿದಿದೆ ಅಂದಳು ಸಿಸ್ಟರ್. ಕೆಲವು ಮಕ್ಕಳಿಗೆ ಪಾಠ ಎರಡು ಸಲ ಹೇಳಬೇಕು, ಅಷ್ಟೇ. ಯಾರಿಗಾದರೂ ಹೇಳಬೇಕು ಅನ್ನಿಸಿತು. ಯಾರಿದ್ದಾರೆ.

ಐದಕ್ಕೆ ಬಾಗಿಲು ಬಡಿದರು. ಹುಲಿಗೆಮ್ಮ. ಬಗಲಲ್ಲಿ ಬೇರೊಂದು ಕೂಸು. ತಂಗಿಯದು, ಊರಿನಿಂದ ನಿನ್ನೆ ಬಂದದ್ದು. ಹೊಸ್ತಿಲಾಚೆಯೇ ನಿಂತಳು.

"ಬೇವು ಇಲ್ಲಲ್ರಿ ಈಗ? ಬರಬಹುದೇನು?"

ಬಾ ಅಂದೆ. ಕೂತಳು. ನನ್ನ ಕಡೆ ನೋಡದೆ ಜಯಶ್ರೀಗೆ ಹೇಳಿದಳು, ಈ ಕೂಸಿಗೆ ಒಂದೂ ಸೂಜಿ ಆಗಿಲ್ಲ, ತನ್ನ ಮಗಳು ಪಟ್ಟದ್ದನ್ನು ಇದು ಪಡುವುದು ಬೇಡ, ಎಲ್ಲಿ ಹಾಕಿಸುತ್ತಾರೆ. ಜಯಶ್ರೀ ಇಲ್ಲಿಯ ಆರೋಗ್ಯ ಕೇಂದ್ರದ ಹೆಸರು ಹೇಳಿದಳು, ವಾರ ಹೇಳಿದಳು, ಮುತ್ತುವಿಗೆ ದೊಡ್ಡ ದವಾಖಾನೆಯಲ್ಲಿ ಎರಡು ಸಲ ಹಾಕಿದ್ದನ್ನೂ ಹೇಳಿದಳು. ಆಗ ಹುಲಿಗೆಮ್ಮ ಕೇಳಿದಳು:

"ಮತ್ತ ನೀವ್ಯಾಕ ಅಷ್ಟು ದೂರ ದೊಡ್ಡ ದವಾಖಾನಿಗೆ ಹೋಕ್ಕೀರಿ? ನಿಮ್ಮ ಕೂಸಿಗೆ ಎರಡು ಸಲ ಯಾಕ?"

ಜಯಶ್ರೀ ನನ್ನ ಮುಖ ನೋಡಿದಳು. ನಾನು ಬೇಡ ಅನ್ನಲಿಲ್ಲ, ಹೂಂ ಅನ್ನಲಿಲ್ಲ. ಎದ್ದು ಹೊರಗೆ ಬಂದೆ, ಬಾಗಿಲು ಎಳೆದುಕೊಂಡೆ.

ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಡಬ್ಬಿಗೆ ಬಂದ ಇಬ್ಬರನ್ನು ಆಮೇಲೆ ಬರ್ರಿ ಎಂದು ಕಳಿಸಿದೆ. ಬೇವು ಬೇಕಿಲ್ಲ, ನಾನು ಕೂತರೆ ಸಾಕು. ಒಳಗೆ ಜಯಶ್ರೀಯ ದನಿ, ಸಣ್ಣಗೆ. ಬಹಳ ಹೊತ್ತು ಅವಳದೊಂದೇ. ಕೂಸುಗಳೆರಡು ಏನೋ ಬಡಿಯುತ್ತಿವೆ, ಡಬ್ಬಿಯ ಮುಚ್ಚಳ ಇರಬೇಕು.

ಒಳಗಿಂದ ಕರೆದಳು, ಹುಲಿಗೆಮ್ಮ.

ಅಕ್ಕಾರ ಅಂದಳು. ಬರೆಯುವುದು ಬಿಟ್ಟು ಏಳಬೇಕು.