ಮಗಳನ್ನು ಬುಕ್ ಮಾಡಿದ ದಿನ

ನೈರೋಬಿ
೧೩ ಜುಲೈ ೨೦೨೫, ಭಾನುವಾರ

ಪ್ರೀತಿಯ ಪ್ರಸಾದ್,

ಕಂಪಾಲಾದ ಹೊಸ ಫ್ಯಾಕ್ಟರಿಯಲ್ಲಿ ಬಾಯ್ಲರ್ ಇನ್ನೂ ಹಟ ಮಾಡುತ್ತಿದೆ ಎಂದು ಡ್ರೈವರ್ ವಿನ್ಸೆಂಟ್ ಹೇಳಿದ. ಅದರ ಜೊತೆ ನೀವೂ ಊಟ ಬಿಟ್ಟು ಹಟಕ್ಕೆ ನಿಂತಿರಬಹುದು ಎಂದುಕೊಂಡು ಚಟ್ನಿಪುಡಿ, ಹುರಿಟ್ಟು ಮತ್ತು ನಿಮ್ಮ ರಕ್ತದೊತ್ತಡದ ಮಾತ್ರೆಗಳನ್ನು ಈ ಪತ್ರದೊಂದಿಗೆ ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿ ಅಂದರೆ ಕೋಪನ್‌ಹೇಗನ್ನಿನಿಂದ ಬಂದು ವಾರವಾದರೂ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಕಳೆದ ಸೋಮವಾರವೇ ಬರೆದು ಕಳಿಸಬೇಕಿತ್ತು, ಆದರೆ ಅಂದು ಪ್ರತಿಭಟನೆಯಿಂದ ಊರಿನ ರಸ್ತೆಗಳೆಲ್ಲ ಮುಚ್ಚಿ ಕಂಪನಿಯ ವ್ಯಾನ್ ಹೊರಡಲೇ ಇಲ್ಲ. ನಾಳೆ ಬೆಳಿಗ್ಗೆ ವಿನ್ಸೆಂಟ್ ಹೊರಡುತ್ತಾನೆ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಇಷ್ಟನ್ನು ಫೋನಿನಲ್ಲಿ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಹೇಳಬಹುದಿತ್ತು. ಆದರೆ ಜಾಹ್ನವಿಯ ಹೆಸರು ಬಂದ ಕೂಡಲೇ ನಿಮಗೆ ಏನೋ ಕೆಲಸ ನೆನಪಾಗುತ್ತದೆ. ಕಾಗದವಾದರೆ ಸಿಟ್ಟು ಬಂದಾಗ ಮಡಚಿಡಬಹುದು, ಇಳಿದ ಮೇಲೆ ಮತ್ತೆ ತೆಗೆಯಬಹುದು.

ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೋಪನ್‌ಹೇಗನ್ನಿನ ಸಭೆ ಮುಗಿದ ಮೇಲೆ ಮೂರು ದಿನ ಊರು ನೋಡಿ ಬರುತ್ತೇನೆ ಎಂದಿದ್ದೆ. ಯಾವ ಊರು ಎಂದು ನೀವು ಕೇಳಲಿಲ್ಲ, ನಾನು ಹೇಳಲಿಲ್ಲ. ನಾನು ಹೋದದ್ದು ಐಸ್‌ಲ್ಯಾಂಡಿಗೆ, ನಮ್ಮ ಮಗಳನ್ನು ನೋಡಲು. ಅವಳಿಗೆ ಅಕ್ಟೋಬರಿನಲ್ಲಿ ರಜೆ ಇದೆ, ದೀಪಾವಳಿಗೆ ಮನೆಗೆ ಬರಬೇಕು ಎಂದಿದ್ದಾಳೆ. ಆದರೆ ನೀವು ಮನೆಯಲ್ಲಿದ್ದರೆ ಮಾತ್ರ. ಹೋದ ಸಲ ಅವಳು ಬಂದ ವಾರವೇ ನಿಮಗೆ ಕಂಪಾಲಾದಲ್ಲಿ ತುರ್ತು ಕೆಲಸ ಬಿತ್ತು. ಈ ಸಲವೂ ಹಾಗಾಗುವುದಾದರೆ ಟಿಕೆಟ್ ತೆಗೆಯುವುದಿಲ್ಲವಂತೆ. ನಾನು ಈ ಪತ್ರ ಬರೆಯುತ್ತಿರುವುದು ಅದಕ್ಕೆ. ಉಳಿದದ್ದೆಲ್ಲ ಸಂತೋಷದ ಸುದ್ದಿ, ಅದನ್ನೂ ಓದಿ.

ಬೇಸಿಗೆಯ ತಿಂಗಳುಗಳಲ್ಲಿ ಅಲ್ಲಿಯ ಗೈಡ್‌ಗಳಿಗೆ ರಜೆ ಇಲ್ಲ. ಬರುತ್ತೇನೆ ಎಂದಾಗ ಜಾಹ್ನವಿ, ಬಾ ಅಮ್ಮ, ಆದರೆ ಹಗಲೆಲ್ಲ ನಾನು ಕೆಲಸದ ಮೇಲೆ ಇರುತ್ತೇನೆ, ನೀನು ಹೋಟೆಲಿನಲ್ಲಿ ಕುಳಿತಿರಬೇಕಾಗುತ್ತದೆ ಎಂದಳು. ಆಗ ನನಗೊಂದು ಉಪಾಯ ಹೊಳೆಯಿತು. ಅವಳ ಕಂಪನಿಯ ವೆಬ್‌ಸೈಟಿಗೆ ಹೋಗಿ, ದಕ್ಷಿಣ ಕರಾವಳಿಯ ಒಂದು ದಿನದ ಪ್ರೈವೇಟ್ ಟೂರ್ ಬುಕ್ ಮಾಡಿದೆ. ಜಲಪಾತ, ಹಿಮನದಿ, ಜ್ವಾಲಾಮುಖಿಯ ಕಪ್ಪು ಕಡಲತೀರ, ಎಲ್ಲ ಸೇರಿ. ಕೊನೆಯಲ್ಲಿ ವಿಶೇಷ ಕೋರಿಕೆ ಎಂಬ ಜಾಗದಲ್ಲಿ, ಗೈಡ್ ಜಾಹ್ನವಿಯೇ ಬೇಕು ಎಂದು ಬರೆದೆ. ಹೆತ್ತ ಮಗಳನ್ನು ಇಂಟರ್‌ನೆಟ್ಟಿನಲ್ಲಿ ಬುಕ್ ಮಾಡಿದ ತಾಯಿ ಈ ನೈರೋಬಿಯಲ್ಲಿ ನಾನೊಬ್ಬಳೇ ಇರಬೇಕು.

ಬೆಚ್ಚನೆಯ ಜಾಕೆಟ್ಟನ್ನು ಗಿಕೊಂಬಾದ ಹಳೆ ಬಟ್ಟೆ ಸಂತೆಯಲ್ಲಿ ಕೊಂಡೆ. ಹಿಮದಲ್ಲಿ ಜಾರುವವರು ಹಾಕುವಂಥದ್ದು, ಯಾರೋ ನಾರ್ವೆಯವರದು, ಜೇಬಿನಲ್ಲಿ ಅವರ ಬಸ್ ಟಿಕೆಟ್ ಕೂಡ ಇತ್ತು. ಏರ್‌ಪೋರ್ಟಿಗೆ ಬಿಡುವಾಗ ವಿನ್ಸೆಂಟ್ ಅದನ್ನು ನೋಡಿ, "ಅಮ್ಮಾ, ದುಡ್ಡು ಕೊಟ್ಟು ಚಳಿಗೆ ಹೋಗ್ತೀರಾ? ಜುಲೈನಲ್ಲಿ ಲಿಮುರುಗೆ ಬನ್ನಿ, ಅಲ್ಲಿ ಪುಕ್ಕಟೆ" ಎಂದ. ವೆಸ್ಟ್‌ಲ್ಯಾಂಡ್ಸ್ ದಾಟುವವರೆಗೂ ಅದನ್ನೇ ಹೇಳಿಕೊಂಡು ನಗುತ್ತಿದ್ದ.

ಬೆಳಿಗ್ಗೆ ಹೋಟೆಲಿನ ಬಾಗಿಲಲ್ಲಿ ಒಂದು ದೊಡ್ಡ ಚಕ್ರದ ಜೀಪು ನಿಂತಿತ್ತು. ಪಕ್ಕದಲ್ಲಿ ನಮ್ಮ ಹುಡುಗಿ, 'ಮಿಸೆಸ್ ಪಾರ್ವತಿ ಪ್ರಸಾದ್, ನೈರೋಬಿ' ಎಂದು ಬರೆದ ಬೋರ್ಡ್ ಹಿಡಿದುಕೊಂಡು. ಗುಡ್ ಮಾರ್ನಿಂಗ್ ಮೇಡಂ, ನಾನು ಈ ದಿನದ ನಿಮ್ಮ ಗೈಡ್, ಎಂದು ಇಂಗ್ಲಿಷಿನಲ್ಲಿ ಪೂರ್ತಿ ಪಾಠ ಒಪ್ಪಿಸಿದಳು. ನಾನೂ ಬಿಟ್ಟುಕೊಡಲಿಲ್ಲ, ನಿಮಗೆ ಎಷ್ಟು ವರ್ಷದ ಅನುಭವ ಎಂದು ಕೇಳಿದೆ. ಅಷ್ಟರಲ್ಲಿ ಅವಳ ತುಟಿ ನಡುಗಿ ನಗು ಬಂತು, ಬೋರ್ಡ್ ಕೆಳಗೆ ಬಿತ್ತು. ಮುಂದಿನದನ್ನು ಬರೆಯುವುದಿಲ್ಲ. ಹೋಟೆಲಿನವರು ಕಿಟಕಿಯಿಂದ ನೋಡುತ್ತಿದ್ದರು ಎಂದಷ್ಟೇ ಹೇಳುತ್ತೇನೆ.

ಸ್ವಲ್ಪ ದಪ್ಪಗಾಗಿದ್ದಾಳೆ, ಒಳ್ಳೆಯದೇ ಆಯಿತು. ಕೂದಲು ಗಿಡ್ಡ. ಜೀಪು ಓಡಿಸುವ ರೀತಿ ಥೇಟ್ ನಿಮ್ಮದೇ, ಎರಡೂ ಕೈ ಸ್ಟಿಯರಿಂಗ್ ಮೇಲೆ, ಮಾತಾಡುವಾಗಲೂ ಕಣ್ಣು ರಸ್ತೆಯ ಮೇಲೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ. ಅದೊಂದು ಬದಲಾಗಿಲ್ಲ.

ಮೊದಲ ಜಲಪಾತದ ಹೆಸರನ್ನು ಅವಳು ನನ್ನಿಂದ ಹತ್ತು ಸಲ ಹೇಳಿಸಿದಳು. ಸೆಲ್ಯಾಲಾಂಡ್ಸ್‌ಫಾಸ್. ನೀರಿನ ಹಿಂದೆ ಬಂಡೆ ಒಳಕ್ಕೆ ಸರಿದಿರುವುದರಿಂದ ಧಾರೆಯ ಬೆನ್ನಿಗೆ ಹೋಗಿ ನಿಲ್ಲಬಹುದು. ನಿಂತೆ. ಜಲಪಾತವನ್ನು ನಾನು ಇಷ್ಟು ದಿನ ಎದುರಿನಿಂದ ಮಾತ್ರ ನೋಡಿದ್ದೆ. ಹಿಂದಿನಿಂದ ನೋಡಿದರೆ ಹಸಿರು ಬಯಲು, ಕುರಿ, ರಸ್ತೆ, ಎಲ್ಲವೂ ನೀರಿನ ಪರದೆಯಲ್ಲಿ ಅಲುಗಾಡುತ್ತವೆ. ನಾರ್ವೆಯವರ ಜಾಕೆಟ್ಟು ಸೋರಲಿಲ್ಲ, ಆದರೆ ನನ್ನ ಕನ್ನಡಕ ಯಾವುದಕ್ಕೂ ಬರಲಿಲ್ಲ. ಎರಡನೆಯದು ಸ್ಕೋಗಾಫಾಸ್, ಅರವತ್ತು ಮೀಟರ್ ಎತ್ತರ. ಬುಡದವರೆಗೂ ನಡೆದು ಹೋಗಬಹುದು. ನಡುವೆ ಬಿಸಿಲು ಬಂದು ನಮ್ಮ ಕಾಲ ಬಳಿಯೇ ಕಾಮನಬಿಲ್ಲು ಬಿತ್ತು. ಅಲ್ಲಿದ್ದ ಒಬ್ಬ ಮುದುಕ ಅದರೊಳಗೆ ಕಾಲಿಟ್ಟು ಫೋಟೊ ತೆಗೆಸಿಕೊಂಡ. ನಾನೂ ತೆಗೆಸಿಕೊಂಡೆ.

ಅಲ್ಲಿಂದ ಹೊರಟಾಗ ಎಡಗಡೆ ಬಿಳಿ ನೆತ್ತಿಯ ಒಂದು ಬೆಟ್ಟ. ೨೦೧೦ರ ಏಪ್ರಿಲ್‌ನಲ್ಲಿ ಬೂದಿ ಕಾರಿ ಯೂರೋಪಿನ ವಿಮಾನಗಳನ್ನೆಲ್ಲ ನಿಲ್ಲಿಸಿದ್ದು ಇದೇ ಎಂದಳು. ನಿಮಗೆ ನೆನಪಿದೆ. ಯೂರೋಪಿಗೆ ಹೋಗಬೇಕಿದ್ದ ನೈವಾಶಾದ ಗುಲಾಬಿಗಳನ್ನು ರಾಶಿ ಹಾಕಿ ಕೊಳೆಸಿದ ವಾರ ಅದು. ನಿಮ್ಮ ಫ್ಯಾಕ್ಟರಿಗೆ ಬರಬೇಕಿದ್ದ ಸಾಮಗ್ರಿ ಯೂರೋಪಿನಲ್ಲಿ ಸಿಕ್ಕಿಕೊಂಡು ನೀವು ಮನೆಯಲ್ಲಿ ಚಡಪಡಿಸುತ್ತಿದ್ದಿರಿ. ಹನ್ನೊಂದು ವರ್ಷದ ಜಾಹ್ನವಿ, ಬೆಂಕಿ ಬೆಟ್ಟದಿಂದ ಬೆಂಕಿ ಬರೋದು ಬಿಟ್ಟು ಬೂದಿ ಯಾಕೆ ಬಂತು ಎಂದು ಕೇಳಿದ್ದಳು. ನೀವು ನನ್ನ ಪ್ರೆಶರ್ ಕುಕ್ಕರ್ ಎತ್ತಿಕೊಂಡು ಬಂದು, ಮುಚ್ಚಳ ಅಂದರೆ ಹಿಮ, ಕೆಳಗೆ ಬೆಂಕಿ, ನಡುವೆ ನೀರು ಎಂದು ಶುರು ಮಾಡಿದಿರಿ. ಅಂದು ಮಧ್ಯಾಹ್ನ ಅನ್ನ ಆಗಲಿಲ್ಲ.

ಕೇಳಿ, ಅವಳು ಪ್ರತಿ ಟೂರಿನಲ್ಲೂ ಆ ತಿರುವಿನಲ್ಲಿ ಜೀಪು ನಿಲ್ಲಿಸಿ ಅದನ್ನೇ ಹೇಳುತ್ತಾಳೆ. ನನ್ನ ಅಪ್ಪ ನೈರೋಬಿಯಲ್ಲಿ ಔಷಧ ತಯಾರಿಸುವ ಕೆಮಿಸ್ಟ್, ಅವರು ನನಗೆ ಈ ಬೆಟ್ಟವನ್ನು ಕುಕ್ಕರಿನಲ್ಲಿ ತೋರಿಸಿದರು, ಎಂದು. ಜಪಾನಿನವರು, ಜರ್ಮನಿಯವರು, ಎಲ್ಲರಿಗೂ. ನನಗೂ ಹೇಳಿದಳು, ಮೂರನೆಯವರಿಗೆ ಹೇಳುವಂತೆ. ನಾನು ಹೊರಗೆ ನೋಡುತ್ತ ಕುಳಿತೆ.

ಎರಡು ವರ್ಷದ ಹಿಂದೆ ಅವಳು ಎಂ.ಎಸ್ಸಿ. ಮುಗಿಸಿ, ಪಿಎಚ್.ಡಿ. ಬೇಡವೆಂದು ಗೈಡ್ ಆದಾಗ ನೀವು, "ಟೂರಿಸ್ಟ್‌ಗಳ ಬ್ಯಾಗ್ ಹೊರೋಕೆ ಇಷ್ಟೆಲ್ಲ ಓದ್ಬೇಕಿತ್ತಾ?" ಎಂದಿರಿ. ಅವಳು "ಫೈನ್ ಅಪ್ಪ" ಎಂದಳು. ನಿಮ್ಮಿಬ್ಬರ ಮಾತು ಅಲ್ಲಿಗೆ ನಿಂತದ್ದು. ನಾನು ಆಗ ನಿಮ್ಮ ಕಡೆಗೇ ಇದ್ದೆ, ಅದನ್ನು ಮರೆತಿಲ್ಲ. ಈಗ ಅವಳ ಕೆಲಸವನ್ನು ಒಂದು ಹಗಲು ಕಣ್ಣಾರೆ ನೋಡಿ ಬಂದಿದ್ದೇನೆ. ಬ್ಯಾಗ್ ನಾನೇ ಹೊತ್ತೆ.

ಹಿಮನದಿಯ ಹೆಸರು ಸೋಲ್ಹೇಮಾಯೋಕುಲ್. ತಲೆಗೆ ಹೆಲ್ಮೆಟ್, ಕೈಗೆ ಹಿಮಗೊಡಲಿ, ಬೂಟಿನ ಅಡಿಗೆ ಮೊಳೆಗಳ ಚೌಕಟ್ಟು. ನಾನೇ ಕಟ್ಟಿಕೊಳ್ಳುತ್ತೇನೆ ಎಂದರೆ, ಇನ್ಶೂರೆನ್ಸ್ ರೂಲ್ ಮೇಡಂ ಎಂದು ಕೂತು ಬಿಗಿದಳು. ಹಿಮವೆಂದರೆ ಬಿಳಿ ಎಂದುಕೊಂಡಿದ್ದೆ. ಇಲ್ಲ, ಹಳೆಯ ಬೂದಿಯ ಕಪ್ಪು ಪಟ್ಟೆಗಳು, ಸೀಳುಗಳೊಳಗೆ ನೀಲಿ. ಕಾಲಿಟ್ಟಾಗ ಕರಕರ ಸದ್ದು. ಅವಳು ಮುಂದೆ, ನಾನು ಅವಳ ಹೆಜ್ಜೆಯ ಮೇಲೆ ಹೆಜ್ಜೆ. ಐವತ್ತಾರು ವರ್ಷದ ನನ್ನ ಮಂಡಿಗಳು ನೆಲದ ಮೇಲೆ ಕೊಡುವ ತೊಂದರೆಯನ್ನು ಅಲ್ಲಿ ಕೊಡಲಿಲ್ಲ. ಅವಳು ಆಗಾಗ ನಿಂತು ಕೊಡಲಿಯ ಹಿಡಿಯಿಂದ ಹಿಮವನ್ನು ತಟ್ಟಿ, ಕಿವಿಗೊಟ್ಟು, ದಾರಿ ಬದಲಿಸುತ್ತಿದ್ದಳು. ನೀವು ಪೈಪಿಗೆ ಕಿವಿಗೊಟ್ಟು ನಿಲ್ಲುವಂತೆಯೇ. ಒಂದು ಕಡೆ ಕರಗಿದ ನೀರು ಹರಿಯುತ್ತಿತ್ತು, ಬಗ್ಗಿ ಕುಡಿದೆ. ಹಲ್ಲೆಲ್ಲ ಜುಮ್ ಎಂದಿತು. ಕೆಳಗಿನ ಕೊಳವನ್ನು ತೋರಿಸಿ, ತಾನು ಈ ದೇಶಕ್ಕೆ ಬಂದ ವರ್ಷ ಅಲ್ಲಿಯೂ ಹಿಮವಿತ್ತು, ಅದರ ಮೇಲೆ ನಡೆದಿದ್ದೆ ಎಂದಳು. ಸಂಶೋಧನೆಯೆಂದರೆ ವರ್ಷವಿಡೀ ಕಂಪ್ಯೂಟರ್ ಮುಂದೆ ಇದರ ಲೆಕ್ಕ ಹಾಕಬೇಕಿತ್ತಂತೆ. ಇರುವಷ್ಟು ದಿನ ಇದರ ಮೇಲೆಯೇ ಇರಬೇಕು, ಜನರನ್ನು ಕರೆತಂದು ತೋರಿಸಬೇಕು ಅನ್ನಿಸಿತಂತೆ. ಈ ಮಾತನ್ನು ಅವಳು ನಮಗೆ ಹಿಂದೆಯೂ ಹೇಳಿರಬಹುದು. ಕೇಳಿಸಿದ್ದು ನನಗೆ ಅಲ್ಲಿಯೇ.

ಇನ್ನು ನಾನು ಮಾಡಿದ ಅವಾಂತರ. ಬೈಯಬೇಡಿ.

ರೇನಿಸ್‌ಫ್ಯಾರಾ ಎಂಬ ತೀರದ ಮರಳು ಇದ್ದಿಲಿನಂತೆ ಕಪ್ಪು. ಪಕ್ಕದಲ್ಲಿ ಜೋಡಿಸಿಟ್ಟಂತೆ ಕಲ್ಲಿನ ಕಂಬಗಳು, ಸಮುದ್ರದಲ್ಲಿ ಚೂಪು ಬಂಡೆಗಳು. ಅಲೆಗಳು ಸುಮ್ಮನೆ ಬಂದು ಹೋಗುತ್ತಿರುತ್ತವೆ, ಇದ್ದಕ್ಕಿದ್ದಂತೆ ಒಂದು ತುಂಬ ದೂರ ನುಗ್ಗಿ ಜನರನ್ನು ಎಳೆದುಕೊಂಡು ಹೋಗುತ್ತದೆ. ಅಂದು ಎಚ್ಚರಿಕೆಯ ಹಳದಿ ದೀಪ ಹಾಕಿದ್ದರು. ಸಮುದ್ರಕ್ಕೆ ಬೆನ್ನು ತಿರುಗಿಸಬೇಡ, ಆ ಕಲ್ಲಿನಿಂದ ಮುಂದೆ ಹೋಗಬೇಡ ಎಂದು ಜೀಪಿನಲ್ಲೊಮ್ಮೆ, ಇಳಿದ ಮೇಲೊಮ್ಮೆ ಹೇಳಿದ್ದಳು. ನಾನು ತಲೆಯಾಡಿಸಿದ್ದೆ. ಆದರೆ ಸಮುದ್ರ ಕಂಡರೆ ನಮ್ಮ ಜನಕ್ಕೆ ಏನಾಗುತ್ತದೆ ನಿಮಗೆ ಗೊತ್ತು. ಮೊಂಬಾಸಾದಲ್ಲಿ ನೀವೂ ಪ್ಯಾಂಟ್ ಮಡಚಿಕೊಂಡು ನೀರು ಮುಟ್ಟಿ ತಲೆಗೆ ಹಾಕಿಕೊಂಡ ಮೇಲೆಯೇ ಕುರ್ಚಿ ಹುಡುಕುವುದು. ಅವಳು ಯಾರಿಗೋ ದಾರಿ ತೋರಿಸುತ್ತಿದ್ದಳು. ಒಂದು ಹನಿ ತಲೆಗೆ ಚಿಮುಕಿಸಿಕೊಂಡರೆ ಸಾಕು ಎಂದು ನಾನು ಹೋಗಿ ಬಗ್ಗಿದೆ.

ಅಲೆ ಬಂದದ್ದು ನನಗೆ ಕಾಣಲಿಲ್ಲ. ಜಾಕೆಟ್ಟಿನ ಕಾಲರ್ ಹಿಡಿದು ಯಾರೋ ಹಿಂದಕ್ಕೆ ಎಳೆದರು, ಕಪ್ಪು ಮರಳಿನ ಮೇಲೆ ಕುಂಡೆಯೂರಿ ಬಿದ್ದೆ, ಮತ್ತೆ ಎಳೆದರು. ನಾನು ಬಗ್ಗಿದ್ದ ಜಾಗದಲ್ಲಿ ಸೊಂಟದ ಮಟ್ಟದ ನೀರು ಕುದಿಯುತ್ತಿತ್ತು.

"ಏನ್ ಮಾಡ್ತಿದ್ದೆ ಅಲ್ಲಿ?" ಎಂದಳು. ಕನ್ನಡದಲ್ಲಿ. ಮುಖ ಬಿಳಚಿಕೊಂಡಿತ್ತು.

"ತೀರ್ಥ ತಗೊಳ್ತಿದ್ದೆ ಕಣೆ."

"ಅದು ನಿನ್ನನ್ನೇ ತಗೊಳ್ತಿತ್ತು. ಸಿಟ್ ದೇರ್. ಏಳ್ಬೇಡ."

ಶಾಲೆಯ ಹುಡುಗಿಯಂತೆ ಕಲ್ಲಿನ ಮೇಲೆ ಕುಳಿತೆ. ಅಷ್ಟರಲ್ಲಿ ಇನ್ನೊಂದು ಕುಟುಂಬ ಮಕ್ಕಳೊಂದಿಗೆ ನೀರಿನತ್ತ ಇಳಿಯುತ್ತಿತ್ತು. ಅವರು ಅವಳ ಗಿರಾಕಿಗಳಲ್ಲ. ಓಡಿಹೋಗಿ ತೋಳು ಚಾಚಿ ನಿಂತು ಅವರನ್ನೂ ಹಿಂದಕ್ಕೆ ಕಳಿಸಿದಳು. ತಿರುಗಿ ಬರುವಾಗ ಸಿಟ್ಟು ಇಳಿದಿತ್ತು. ನನ್ನ ಫ್ಲಾಸ್ಕಿನ ಮುಚ್ಚಳ ತೆಗೆದುಕೊಂಡು, ಆ ಅಲೆ ಬಿಟ್ಟುಹೋಗಿದ್ದ ಒಂದು ಗುಂಡಿಯಿಂದ, ಕಣ್ಣನ್ನು ಸಮುದ್ರದ ಮೇಲೆಯೇ ಇಟ್ಟು ಒಂದಿಷ್ಟು ನೀರು ತುಂಬಿ ತಂದಳು. "ತಗೋ, ಹೋಮ್ ಡೆಲಿವರಿ" ಎಂದಳು. ನನ್ನ ತಲೆಗೆ, ಅವಳ ತಲೆಗೆ ಹಾಕಿದೆ. ಅಪ್ಪನ ಪಾಲು ಎಂದು ಅವಳೇ ಒಂದು ಹನಿ ತೆಗೆದು ಮತ್ತೆ ತನ್ನ ತಲೆಗೇ ಹಾಕಿಕೊಂಡಳು.

ಪ್ರಸಾದ್, ನೀವು ಜೀವಮಾನವಿಡೀ ಕೆಲಸ ಬಲ್ಲವರನ್ನು ಹುಡುಕಿದವರು. ನಿಮ್ಮ ಮಗಳು ಕೆಲಸ ಬಲ್ಲವಳು. ಅದನ್ನು ಅವಳೆದುರು ಹೇಳಿಯೆಂದು ನಾನು ಕೇಳುತ್ತಿಲ್ಲ. ದೀಪಾವಳಿಯ ದಿನ ಬೆಳಿಗ್ಗೆ ನಿಮ್ಮ ಚಪ್ಪಲಿ ನಮ್ಮ ಬಾಗಿಲಲ್ಲಿರಲಿ, ಸಾಕು.

ವಿನ್ಸೆಂಟ್ ಗುರುವಾರ ಹಿಂತಿರುಗುತ್ತಾನೆ. ಡಬ್ಬಿಗಳನ್ನು ಅವನ ಕೈಯಲ್ಲೇ ಕೊಡಿ. ಮಾತ್ರೆ ತಪ್ಪಿಸಬೇಡಿ, ಬಾಯ್ಲರ್ ಆದಷ್ಟು ಬೇಗ ನಿಮ್ಮ ಮಾತು ಕೇಳಲಿ. ದೇವರು ನಿಮ್ಮನ್ನು ತಂಪಾಗಿ ಇಟ್ಟಿರಲಿ.

ನಿಮ್ಮ
ಪಾರ್ವತಿ

ತಾ.ಕ.: ಕವರಿಗೆ ಅಂಟು ಹಚ್ಚಿದವಳು ಮತ್ತೆ ಬಿಡಿಸಿದೆ. ಇದನ್ನು ಹೇಳಬೇಡ ಎಂದಿದ್ದಾಳೆ, ಅಪ್ಪ ನೊಂದುಕೊಳ್ತಾರೆ ಅಂತ. ಅವಳು ಅಂದು ಬೆಳಿಗ್ಗೆಯಿಂದ ತೆಳುವಾದ ಕೈಗವಸು ಹಾಕಿಕೊಂಡೇ ಇದ್ದಳು. ಚಳಿ ದೇಶ, ನಾನೂ ಕೇಳಲಿಲ್ಲ. ಕಡಲತೀರ ಮುಗಿಸಿ ಊಟಕ್ಕೆ ಕುಳಿತಾಗ ತೆಗೆದಳು. ಎಡಗೈಯ ಕೊನೆಯ ಎರಡು ಬೆರಳು ಅರ್ಧಕ್ಕೆ ಇಲ್ಲ. ಫೆಬ್ರವರಿಯಲ್ಲಿ ಒಬ್ಬ ಪ್ರವಾಸಿ ಹಿಮದ ಸೀಳಿಗೆ ಜಾರಿದಾಗ, ಹಗ್ಗ ಬೆರಳಿಗೆ ಸುತ್ತಿ ಬಿಗಿದರೂ ಬಿಡದೆ ಹಿಡಿದಿದ್ದಾಳೆ. ಅವನು ಉಳಿದ. ಅಷ್ಟು ದಿನವೂ ವಿಡಿಯೊ ಕಾಲ್‌ನಲ್ಲಿ ನನಗೆ ಬಲಗೈ ಮಾತ್ರ ತೋರಿಸಿದ್ದಾಳೆ.

ಅದು ಶಿವರಾತ್ರಿಯ ದಿನ. ನಾವಿಬ್ಬರೂ ದೇವಸ್ಥಾನದಿಂದ ಬರುತ್ತ ನ್ಗಾರಾದ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ ಕಾರಿನ ಪರದೆಯ ಮೇಲೆ ಅವಳ ಹೆಸರು ಬಂತು. ನೀವು ಕಟ್ ಮಾಡಿದಿರಿ. ಮತ್ತೆ ಬಂತು, ಮತ್ತೆ ಕಟ್ ಮಾಡಿ ರೇಡಿಯೊ ಹಾಕಿದಿರಿ. ಪಕ್ಕದಲ್ಲಿ ಕುಳಿತ ನಾನೂ ತುಟಿ ಬಿಚ್ಚಲಿಲ್ಲ. ಅವಳು ಆಸ್ಪತ್ರೆಯ ಹಾಸಿಗೆಯಿಂದ ಮಾಡಿದ್ದು, ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ. ನನಗೇಕೆ ಮಾಡಲಿಲ್ಲ ಎಂದು ಕೇಳಿದೆ. ನೀನು ಅಳ್ತಿದ್ದೆ ಅಮ್ಮ, ಅಪ್ಪ ಆದ್ರೆ ಯಾವ ಮೆಡಿಸಿನ್ ಕೊಡ್ತಿದ್ದಾರೆ ಅಂತ ಕೇಳ್ತಿದ್ರು, ಅದು ಕೇಳಿದ್ರೆ ನಂಗೆ ಭಯ ಹೋಗ್ತಿತ್ತು, ಎಂದಳು.

ಯಾವ ಔಷಧ ಎಂದು ನಾನು ಕೇಳಲಿಲ್ಲ. ಅದನ್ನು ನೀವೇ ಕೇಳಿ.