ಬಾಳೆನಾರಿನ ಐದು ಗಂಟು

ತೀರ್ಥಹಳ್ಳಿ
ಆಗಸ್ಟ್, ೧೯೬೪

ಅವ್ವಾ,

ನಿನಗೆ ಓದಲು ಬರುವುದಿಲ್ಲವೆಂದು, ನೀನಿದ್ದಾಗ ಒಂದು ಕಾಗದವನ್ನೂ ಬರೆದವನಲ್ಲ ನಾನು. ಇವತ್ತು ಬರೆಯುತ್ತಿದ್ದೇನೆ.

ಬೆಳಿಗ್ಗೆ ಹೈಸ್ಕೂಲಿನಲ್ಲಿ ಪೆರು ದೇಶದ ಪಾಠ ಮಾಡಿದೆ. ಅಲ್ಲಿಯ ಹಳೆಯ ಜನಕ್ಕೆ ಅಕ್ಷರವಿರಲಿಲ್ಲ. ನೆನಪಿಡಬೇಕಾದ್ದನ್ನು ದಾರಕ್ಕೆ ಗಂಟು ಹಾಕಿ ಇಡುತ್ತಿದ್ದರು. ಮುಂದಿನ ಬೆಂಚಿನ ಜಲಜಾಕ್ಷಿ ಕೇಳಿದಳು: "ಅದರಲ್ಲಿರೋ ಕಥೆ ಓದೋರು ಈಗ ಯಾರೂ ಇಲ್ವಾ ಸಾರ್?"

"ಗೊತ್ತಿದ್ದೋರೆಲ್ಲ ಸತ್ತುಹೋದ್ರು," ಎಂದೆ.

ನೀನೂ ನನಗೆ ಹೇಳಬೇಕಾದ ಒಂದೊಂದು ಮಾತಿಗೆ ಬಾಳೆನಾರಿನಲ್ಲಿ ಒಂದೊಂದು ಗಂಟು ಹಾಕಿಡುತ್ತಿದ್ದೆ. ನಾನು ರಜೆಗೆ ಬಂದಾಗ ಒಂದು ಮಾತು ಹೇಳುವುದು, ಒಂದು ಗಂಟು ಬಿಚ್ಚುವುದು. ಕೊನೆಯ ಸಲ ಬಂದಾಗ, ಆನಂದಪುರದಲ್ಲಿ ಬಸ್ಸು ತಪ್ಪುತ್ತದೆಂದು ನಾನು ನಡುವೆಯೇ ಎದ್ದೆ.

"ಇನ್ನೂ ಐದು ಉಳಿದಾವೆ ಕಣೋ. ಪುಸ್ತಕದ ಮುಂದೆ ದಿನಗಟ್ಲೆ ಕೂರ್ತೀಯ, ನನ್ನ ಮುಂದೆ ಒಂದು ಗಳಿಗೆ ಕೂರಕ್ಕಾಗಲ್ವಾ?"

"ಮುಂದಿನ ರಜೆಗೆ ಹೇಳವ್ವಾ," ಎಂದೆ.

ಮುಂದಿನ ರಜೆಗೆ ನೀನಿರಲಿಲ್ಲ.

ಆ ನಾರು ಈಗ ನನ್ನ ಮೇಜಿನ ಮೇಲಿದೆ. ಒಣಗಿ ಗಟ್ಟಿಯಾಗಿದೆ. ಸಂಜೆಯಿಂದ ನೋಡುತ್ತಿದ್ದೇನೆ. ನೀನು ಯಾವ ತುದಿಯಿಂದ ಶುರುಮಾಡುತ್ತಿದ್ದೆ ಎಂಬುದನ್ನೂ ನಾನು ಗಮನಿಸಿರಲಿಲ್ಲ.