ಹೂ ಮುಚ್ಚುವ ತನಕ ಬಾಟಲಿ ಮುಚ್ಚಿಡಿ

ಗದಗ, ಹನ್ನೊಂದನೆಯ ಅಂತಸ್ತು
ಎರಡನೆಯ ಶ್ರಾವಣ, ಮೂವತ್ತೈದನೆಯ ತಾರೀಖು, ೨೧೯೪

ಅಂಗಳದಲ್ಲಿ ಮಣ್ಣಿದ್ದ ಕಾಲದ ಹಿರಿಯರಿಗೆ ಚನ್ನವೀರಪ್ಪ ಕಡೆಮನಿಯ ನಮಸ್ಕಾರಗಳು.

ವಿತ್ ಡ್ಯೂ ರೆಸ್ಪೆಕ್ಟ್, ಐ ಬೆಗ್ ಟು ಸ್ಟೇಟ್... ಮುಂದಿನದು ಮರೆತಿದೆ. ಕಾಲೇಜಿನಲ್ಲಿ ಎರಡು ವರ್ಷ ಓದಿದ ಇಂಗ್ಲಿಷು, ಇಷ್ಟು ಉಳಿದದ್ದೇ ಹೆಚ್ಚು. ನಮ್ಮ ತಾರೀಖೂ ಮಾತೂ ನಿಮಗೆ ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ಎಂಟು ಬುಟ್ಟಿ ಮಣ್ಣು ಕೊಡುತ್ತಾರೆ. ಇದು ಪಾಲುಮಣ್ಣು. ಬಾಲ್ಕನಿಯ ತೊಟ್ಟಿಯಲ್ಲಿ ಅದು ಆಯುಷ್ಯವಿಡೀ ಜೊತೆಗಿರುತ್ತದೆ. ಸತ್ತರೆ ಬೂದಿಯನ್ನೂ ಅದರಲ್ಲೇ ಬೆರೆಸುತ್ತಾರೆ. ಸತ್ತವರು ಬಿತ್ತಿದ ಬಳ್ಳಿ ಆ ಫಸಲಿನಲ್ಲಿ ಒಂದಾದರೂ ಕಾಯಿ ಬಿಟ್ಟರೆ ಮಣ್ಣು ಮನೆಯಲ್ಲೇ ಉಳಿಯುತ್ತದೆ. ಬಿಡದಿದ್ದರೆ ಮಣ್ಣಿನ ಅಮಲ್ದಾರರು ಬಂದು ಊರಗುಂಡಿಗೆ ಒಯ್ಯುತ್ತಾರೆ. ನನ್ನ ಹೆಂಡತಿ ನೀಲಗಂಗಾ, ಸೌತೆ ಬಿತ್ತಿದ ಒಂಬತ್ತನೆಯ ದಿನ ತೀರಿಕೊಂಡಳು.

ಮೊದಲ ಎಳೆಗಾಯಿಯನ್ನು ಹಣ್ಣುನೊಣ ಚುಚ್ಚಿತು. ಸೀಳಿ ನೋಡಿದರೆ ಒಳಗೆಲ್ಲ ಬಿಳಿ ಹುಳ. ಅವಳ ಬೂದಿ ಉಂಡ ಕಾಯಿ ಅದು. ಒಂದೊಂದು ಹುಳವನ್ನೂ ಒರಳಲ್ಲಿ ಹಾಕಿ ಅರೆದೆ. ಅಷ್ಟಕ್ಕೆ ಸಿಟ್ಟು ಇಳಿಯಲಿಲ್ಲ. ಟೋಟಲ್ ವಾರ್ ಅನ್ನುತ್ತಾರಲ್ಲ, ಅದನ್ನೇ ಸಾರಿದೆ. ಹಳದಿ ಹಲಗೆಗಳಿಗೆ ಹರಳೆಣ್ಣೆ ಬಳಿದು ನಿಲ್ಲಿಸಿದೆ. ಬಿಳಿನೊಣಗಳು ಅಂಟಿಕೊಂಡು ಕಾಲು ಕಿತ್ತುಕೊಂಡು ಸಾಯುವುದನ್ನು ಕುರ್ಚಿ ಹಾಕಿಕೊಂಡು ನೋಡಿದೆ. ಸುಳ್ಳೇಕೆ ಹೇಳಲಿ, ಖುಷಿಯಾಯಿತು.

ಬಾಟಲಿ ಬಲೆ ಮಾತ್ರ ನೀಲಗಂಗಾಳ ವಿದ್ಯೆ. ಬಾಟಲಿಯ ಕುತ್ತಿಗೆ ಕೊಯ್ದು ತಲೆಕೆಳಗಾಗಿ ಒಳಗೆ ಕೂರಿಸಬೇಕು. ಒಳಗೆ ಹೋದ ನೊಣಕ್ಕೆ ಹೊರದಾರಿ ಸಿಗುವುದಿಲ್ಲ. ಕೊಳೆತ ಬಾಳೆಹಣ್ಣಿಗೆ ಅವಳು ಹುಳಿ ಅಂಬಲಿ ಸುರಿಯುತ್ತಿದ್ದಳು. ಸೌತೆ ಹೂ ಅರಳಿರುವಷ್ಟು ಹೊತ್ತು ಬಾಟಲಿಯ ಬಾಯಿಗೆ ಬಟ್ಟೆ ಕಟ್ಟಿರುತ್ತಿದ್ದಳು. ‘ರೀ, ಸಿಹಿ ಇಟ್ಟರ ಬರೇ ನೊಣ ಬರೂದಿಲ್ಲ. ಹೂ ಮುಚ್ಚೂತನಕ ತಡೀರಿ, ನಿಮಗ್ಯಾಕ ಅವಸರ?’ ಅನ್ನುತ್ತಿದ್ದಳು. ನಾನು ನಲವತ್ತು ವರ್ಷ ಹೂಂ ಅಂದೆ, ಒಂದು ದಿನವೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹದಿನಾಲ್ಕು ಬಾಟಲಿಗೆ ದಪ್ಪ ಬೆಲ್ಲದ ಪಾಕ ಹುಯ್ದು ಮುಂಜಾನೆಯೇ ಬಾಯಿ ತೆರೆದಿಟ್ಟೆ.

ಮಧ್ಯಾಹ್ನ ಪಕ್ಕದ ಮನೆಯ ಸಂಗವ್ವ ಚೀರಿದಳು. ‘ಕಾಕಾ! ಏನ ಮಾಡೀರಿ! ಜೇನ್ರೀ, ಜೇನು!’ ಬಾಟಲಿಗಳ ತುಂಬ ಜೇನ್ನೊಣ. ಒಂದರ ಮೇಲೊಂದು ಹತ್ತಿ, ಕೆಳಗಿನದನ್ನು ಪಾಕದಲ್ಲಿ ಮುಳುಗಿಸಿ, ತಾವೂ ಮುಳುಗಿದ್ದವು. ನಮ್ಮ ಕಟ್ಟಡಕ್ಕೆ ಇದ್ದದ್ದು ಅದೊಂದೇ ಗೂಡು. ಬೆರಳಿನಿಂದ ಎತ್ತಿ ಬಿಸಿಲಿಗೆ ಹರವಿದೆ. ಎರಡು ನನ್ನನ್ನು ಕಚ್ಚಿ ಸತ್ತವು, ಉಳಿದವು ಕಚ್ಚದೆಯೇ ಸತ್ತವು. ಸಂಗವ್ವನ ಗಂಡ ಬಡಿಗೆ ತಂದು ಹದಿನಾಲ್ಕು ಬಾಟಲಿಯನ್ನೂ ಒಡೆದ, ಕೊನೆಯದನ್ನು ನನ್ನ ಭುಜದ ಮೇಲೆ. ನಾನು ಕೈ ಅಡ್ಡ ಹಿಡಿಯಲಿಲ್ಲ.

ಹೂಗಳು ಅರಳಿ ಬರಿದೇ ಉದುರತೊಡಗಿದವು. ನೀಲಗಂಗಾಳ ಬಾಚಣಿಗೆಯಲ್ಲಿ ಸಿಕ್ಕಿಕೊಂಡಿದ್ದ ಕೂದಲನ್ನು ಬಿಡಿಸಿ, ಕಡ್ಡಿಗೆ ಸುತ್ತಿ ಕುಂಚ ಮಾಡಿಕೊಂಡೆ. ಗಂಡು ಹೂವಿನ ಹುಡಿಯನ್ನು ಹೆಣ್ಣು ಹೂವಿಗೆ ಮುಟ್ಟಿಸಿದೆ. ಒಂದು ಕಾಯಿ ಕಟ್ಟಿತು. ಅವಳ ಸೀರೆಯ ಚೂರು ಹರಿದು ಅದಕ್ಕೆ ಚೀಲ ತೊಡಿಸಿದೆ. ಅಮಲ್ದಾರರು ನಿನ್ನೆ ಬಂದು ಚೀಲ ಬಿಚ್ಚಿ ನೋಡಿ, ಮಣ್ಣು ಬಿಟ್ಟು ಹೋದರು.

ಅವಳು ಮನೆಯಲ್ಲೇ ಉಳಿದಳು. ಆದರೆ ಉಳಿದ ಮನೆಗಳ ಬಳ್ಳಿಗೆ ಯಾರು ದಿಕ್ಕು? ದಿನಾ ಮುಂಜಾನೆ ಕುಂಚ ಹಿಡಿದು ಮೂವತ್ತೆರಡು ಬಾಲ್ಕನಿ ಸುತ್ತುತ್ತೇನೆ. ಸಂಗವ್ವ ಬಾಗಿಲು ತೆರೆದು ಒಳಗೆ ಹೋಗಿಬಿಡುತ್ತಾಳೆ.

ಈಗ ಹೊಸ ಬಾಟಲಿ ಕಟ್ಟಿದ್ದೇನೆ, ಹುಳಿ ಅಂಬಲಿ ಹಾಕಿ. ಬಾಯಿಗೆ ಕಟ್ಟಿದ ಬಟ್ಟೆಯ ಮೇಲೆ ಹಣ್ಣುನೊಣವೊಂದು ಕುಳಿತು ಕೈ ಉಜ್ಜುತ್ತಿದೆ. ಹೊಸಕಿ ಹಾಕಬೇಕೆಂದು ಬೆರಳು ತುರಿಸುತ್ತಿದೆ, ಬಟ್ಟೆ ಬಿಚ್ಚಿದರೆ ತಾನೇ ಒಳಗೆ ಬಿದ್ದು ಸಾಯುತ್ತದೆ. ಆದರೆ ಹೂ ಇನ್ನೂ ತೆರೆದಿದೆ. ಎಲ್ಲಿಂದಲಾದರೂ ಒಂದು ಜೇನು ಬಂದೀತು. ನಿಮ್ಮ ಕಾಲದಲ್ಲಿ ಜೇನುಗಳು ಇನ್ನೂ ಇವೆಯಲ್ಲ, ಹೂ ಮುಚ್ಚುವ ತನಕ ನೀವೂ ತಡೆಯಿರಿ.

ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ.